ವಿಲೋಮವೂ ಪ್ರಾಯಶ್ಚಿತ್ತವೂ

ಆಳಂದ ಸೀಮೆಯಿಂದ ಹರಿದು ಬರುವ ಅಮರಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವೆಡೆಯಲ್ಲಿ ಮಿಂದು, ಒದ್ದೆಬಟ್ಟೆಯಲ್ಲಿಯೇ ದತ್ತಪಾದುಕೆಗಳ ದರ್ಶನಕ್ಕೆ ನಡೆಯುವ ಭಕ್ತರಲ್ಲಿ ಎಷ್ಟೋ ಮಂದಿಯ ಮೊರೆಯೊಂದೇ: ನಡೆದುದು ನಡೆಯದಂತಾಗಲಿ. ನಾನೂ ಆ ಮೊರೆಯನ್ನು ಹೊತ್ತು ಅಲ್ಲಿಗೆ ಹೋದವನು. ಹೊಲ ಹಂಚಿಕೊಳ್ಳುವ ಕಾಲದಲ್ಲಿ ಅಣ್ಣನಿಗೆ ಆಡಬಾರದ ಮಾತೊಂದನ್ನು ಆಡಿದೆನು. ತಪ್ಪಾಯಿತೆನ್ನುವ ಮೊದಲೇ ಅವನು ತೀರಿಹೋದನು. ಕೃತವಾದ ಕರ್ಮವನ್ನು ಅಕೃತವಾಗಿಸಲು ಸಾಧ್ಯವೇ ಎಂಬ ನನ್ನ ಪ್ರಶ್ನೆಗೆ ಮೊದಲ ಬೆಳಕು ದೊರೆತದ್ದು ಒಬ್ಬ ಗಣಿತಜ್ಞರ ಬಾಳಿನಿಂದ.

ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು 1920ರ ಸೆಪ್ಟೆಂಬರ್ 10ರಂದು, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಹೂವಿನಹಡಗಲಿಯಲ್ಲಿ, ತೆಲುಗು ಮನೆತನವೊಂದರಲ್ಲಿ ಜನಿಸಿದರು. 1941ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅದರ ಸ್ಥಾಪಕರಾದ ಮಹಲನೋಬಿಸರ ಆಶ್ರಯಕ್ಕೆ ಬಂದರು. 1945ರಲ್ಲಿ, ಇಪ್ಪತ್ತೈದರ ಹರೆಯದಲ್ಲಿಯೇ, ಅಂದಾಜಿನ ದೋಷವು ಯಾವ ಮಿತಿಗಿಂತ ಕೆಳಗಿಳಿಯಲಾರದೆಂಬುದನ್ನು ತೋರಿಸುವ ಪ್ರಬಂಧವನ್ನು ಪ್ರಕಟಿಸಿದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೀರ್ತಿಯಲ್ಲ, ಮಾತೃಕೆಗಳನ್ನು, ಎಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಪಟ್ಟಿಗಳನ್ನು, ಕುರಿತ ಅವರ ಕೆಲಸ.

ಸಂಗಮದಿಂದ ಕೆಳಗೆ, ಜೇವರ್ಗಿಯ ಸಮೀಪದಲ್ಲಿ ಭೀಮೆಗಿಳಿದು ಹತ್ತು ಸೇರಿನ ಕೊಡವೊಂದನ್ನು ತುಂಬಿಕೊಂಡು, ಇದರಲ್ಲಿ ಅಮರಜೆಯ ನೀರೆಷ್ಟು, ಮೊದಲಿನ ಭೀಮೆಯ ನೀರೆಷ್ಟು ಎಂದು ಕೇಳಿದರೆ, ಆ ಕೊಡವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಕ್ಕದು. ನೆರೆಯನ್ನು ಕಂಡು ಮೇಲುಗಡೆ ಮಳೆಯಾಗಿದೆಯೆಂದು ಊಹಿಸಬಹುದೆಂದು ನೈಯಾಯಿಕರು ಹೇಳಿದ್ದುಂಟು. ಆದರೆ ಎರಡು ಪಾಲುಗಳು ಒಂದೇ ಮೊತ್ತವಾದ ಮೇಲೆ, ಕಾರ್ಯದಿಂದ ಕಾರಣಕ್ಕೆ ಹಿಂದಿರುಗುವ ದಾರಿ ಕಡಿದುಹೋಗುತ್ತದೆ. ಹೀಗೆ ಕೂಡಿಸುವ ಲೆಕ್ಕವನ್ನು ಮಾತೃಕೆಯಾಗಿ ಬರೆದರೆ, ಅದಕ್ಕೆ ವಿಲೋಮವಿಲ್ಲವೆಂದು, ಎಂದರೆ ಮಾಡಿದ್ದನ್ನು ಹಿಂದಿರುಗಿಸುವ ಮಾತೃಕೆಯಿಲ್ಲವೆಂದು, ಗಣಿತವು ಹೇಳುತ್ತದೆ.

1954ರ ಸುಮಾರಿಗೆ, ಹಿರೋಶಿಮಾ ನಾಗಸಾಕಿಗಳ ಮೇಲೆ ಬಿದ್ದ ಅಣುಬಾಂಬಿನ ವಿಕಿರಣವು ಜನರಲ್ಲಿ ಉಳಿಸಿದ ದೀರ್ಘಪರಿಣಾಮವನ್ನು ಅಳೆಯುವುದಕ್ಕಾಗಿ ಜಪಾನಿನಲ್ಲಿ ಸಂಗ್ರಹಿಸಿದ ಅಂಕಿಅಂಶಗಳು ರಾವ್ ಅವರ ಕೈಗೆ ಬಂದಾಗ, ಬಿಡಿಸಬೇಕಾದ ಸಮೀಕರಣಗಳ ಮಾತೃಕೆಯು ವಿಲೋಮವಿಲ್ಲದ್ದಾಗಿತ್ತು. ಮನುಷ್ಯನು ಎಸಗಿದ ಕರ್ಮಗಳಲ್ಲಿ ಅತ್ಯಂತ ಹಿಂತಿರುಗಿಸಲಾಗದ ಆ ಕರ್ಮದ ಲೆಕ್ಕವೇ ಹೀಗೆ ಹಿಂತಿರುಗಲೊಲ್ಲದ ಮಾತೃಕೆಯಾಗಿ ಅವರೆದುರು ನಿಂತಿತೆಂಬುದನ್ನು ನಾನು ಇಂದಿಗೂ ಮೈನವಿರೇಳದೆ ನೆನೆಯಲಾರೆ. ಅವರು ಲೆಕ್ಕವನ್ನು ಕೈಬಿಡಲಿಲ್ಲ. ವಿಲೋಮದ ಸ್ಥಾನದಲ್ಲಿ ನಿಲ್ಲಬಲ್ಲ ಬೇರೊಂದು ಮಾತೃಕೆಯನ್ನು ಕಲ್ಪಿಸಿ 1955ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಗಣಿತಜ್ಞ ಪೆನ್‌ರೋಸ್ ಅವರು ನಾಲ್ಕು ನಿಬಂಧನೆಗಳನ್ನು ವಿಧಿಸಿ ಏಕೈಕವಾದ ವಿಲೋಮವೊಂದನ್ನು ನಿರ್ದೇಶಿಸಿದರು. ರಾವ್ ಅವರು 1962ರಲ್ಲಿ ಒಂದೇ ನಿಬಂಧನೆ ಸಾಕೆಂದು ತೋರಿಸಿದರು: ಮೊತ್ತದಿಂದ ಹಿಂದೆ ಹೋಗಿ ಮತ್ತೆ ಮುಂದೆ ಬಂದರೆ ಅದೇ ಮೊತ್ತ ದೊರೆಯಬೇಕು, ಅಷ್ಟೆ. ಕೊಡದ ಹತ್ತು ಸೇರನ್ನು ಐದೈದಾಗಿ ಹಂಚಿರಿ, ಏಳು ಮೂರಾಗಿ ಹಂಚಿರಿ. ಮರಳಿ ಕೂಡಿಸಿದರೆ ಹತ್ತೇ. ಹಂಚಿಕೆಗಳು ಹಲವು, ಆದರೆ ಯಥಾರ್ಥವಾಗಿ ತಿಳಿಯಬಹುದಾದುದು ಯಾವ ಹಂಚಿಕೆಯಿಂದಲೂ ಬದಲಾಗದು. 1971ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರೊಡನೆ ಬರೆದ ಗ್ರಂಥದಿಂದ ಈ ವಿಚಾರವು ಲೋಕವ್ಯಾಪಕವಾಯಿತು. ನಮ್ಮ ಮಣಿಪಾಲದಲ್ಲಿಯೂ 2012ರಲ್ಲಿ ಈ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. 2023ರ ಆಗಸ್ಟ್ 22ರಂದು, ನೂರೆರಡು ವರ್ಷಗಳ ತುಂಬುಬಾಳನ್ನು ಬಾಳಿ, ರಾವ್ ಅವರು ಅಮೆರಿಕೆಯಲ್ಲಿ ದೇಹಬಿಟ್ಟರು.

ರಾವ್ ಅವರ ಈ ವಿಲೋಮದ ವಿಚಾರವನ್ನು ಓದಿದಾಗ ನನಗೆ ನೆನಪಾದವನು ನಮ್ಮ ಸೀಮೆಯವನೇ ಆದ ವಿಜ್ಞಾನೇಶ್ವರ. ಕಲಬುರಗಿಗೆ ಸಮೀಪದ ಮರತೂರು ಅವನ ಊರೆಂದು ಇಲ್ಲಿಯ ಜನ ಅಭಿಮಾನದಿಂದ ಹೇಳುತ್ತಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವಾದ ಮಿತಾಕ್ಷರೆಯನ್ನು ಲೋಕವು ದಾಯಭಾಗದ ವಿಷಯವಾಗಿಯೇ ಬಲ್ಲದು. ಪ್ರಾಯಶ್ಚಿತ್ತಾಧ್ಯಾಯದ ಸೂಕ್ಷ್ಮವನ್ನು ನೋಡುವವರು ವಿರಳ. ಪಾಪಕ್ಕೆ ಎರಡು ಶಕ್ತಿಗಳುಂಟು, ಒಂದು ನರಕಕ್ಕೊಯ್ಯುವುದು, ಇನ್ನೊಂದು ಜನರೊಡನೆ ವ್ಯವಹಾರವನ್ನು ತಡೆಯುವುದು. ತಿಳಿದೂ ಮಾಡಿದ ಪಾಪದಲ್ಲಿ ಪ್ರಾಯಶ್ಚಿತ್ತವು ಮೊದಲನೆಯದನ್ನು ಕಳೆಯದಿದ್ದರೂ ಎರಡನೆಯದನ್ನು ಕಳೆದು ಮನುಷ್ಯನನ್ನು ವ್ಯವಹಾರ್ಯನನ್ನಾಗಿ ಮಾಡುತ್ತದೆಂಬುದು ಅವನ ನಿರ್ಣಯ. ಸ್ನಾನದಿಂದ ಸಕಲವೂ ತೊಳೆದುಹೋಯಿತೆಂಬ ಅಗ್ಗದ ಸಮಾಧಾನವನ್ನು ಅವನು ಕೊಡಲಿಲ್ಲ. ಇನ್ನು ಗತಿಯಿಲ್ಲವೆಂದೂ ಹೇಳಲಿಲ್ಲ. ಗಣಿತದ ನಿಯಮವು ಧರ್ಮದ ನಿರ್ಣಯಕ್ಕೆ ಪ್ರಮಾಣವಾಗಲಾರದೆಂಬುದನ್ನು ಬಲ್ಲೆ. ಆದರೂ ಮೂಲವನ್ನು ಮರಳಿ ಪಡೆಯುವ ಹಟವನ್ನು ತೊರೆದು, ಉಳಿದುದರೊಡನೆ ಸತ್ಯವಾಗಿ ನಡೆದುಕೊಳ್ಳುವ ಧೈರ್ಯ ಇಬ್ಬರಲ್ಲಿಯೂ ಒಂದೇ ಎಂದು ನಾನು ನಂಬುತ್ತೇನೆ.

ಈಗಲೂ ಸಂಗಮಕ್ಕೆ ಹೋಗುತ್ತೇನೆ. ಹಳೆಯ ಮೊರೆಯನ್ನು ಇಡುವುದಿಲ್ಲ. ಅಣ್ಣನ ಮಗನ ಹೊಲದಲ್ಲಿ ತೊಗರಿಯ ರಾಶಿ ನಡೆಯುವ ದಿನ, ಹತ್ತು ವರುಷ ತುಳಿಯದಿದ್ದ ಆ ಬದುವನ್ನು ದಾಟಿ ಹೋದೆನು. ಅವನು ಏನನ್ನೂ ಕೇಳಲಿಲ್ಲ. ಚೀಲದ ಬಾಯಿಯನ್ನು ಅಗಲಿಸಿ, ‘ಹಿಡೀರಿ ಕಾಕಾ’ ಎಂದನು, ನಾನು ಹಿಡಿದೆನು.