ಶಾಲೆಯ ಗಂಟೆಗೂ ಸಂಜೆಯ ದೀಪಕ್ಕೂ ನಡುವೆ

ಶಾಲೆ ಬಿಡುವ ಹೊತ್ತಿಗೆ ಮನೆಯಲ್ಲಿ ತಂದೆ ತಾಯಿ ಇರಬೇಕೆಂಬುದು ಎಲ್ಲ ಮಕ್ಕಳ ಆಸೆ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೂಲಿ ಕುಟುಂಬಗಳಲ್ಲಿ ಇದು ವರ್ಷದ ಅರ್ಧ ಭಾಗ ನಡೆಯದ ಮಾತು. ನವೆಂಬರ್ ಹೊತ್ತಿಗೆ ಅಡಿಕೆ ಕೊನೆಕೊಯ್ಲು ಆರಂಭವಾಯಿತೆಂದರೆ ಗಂಡಸರು ತೋಟದಲ್ಲಿ, ಹೆಂಗಸರು ಸುಲಿಯುವ ಚಪ್ಪರದಲ್ಲಿ. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ಕತ್ತಲಾಯಿತೆಂದು ಯಾರೂ ಏಳುವುದಿಲ್ಲ. ನಾಲ್ಕೂವರೆಯ ಸುಮಾರಿಗೆ ಶಾಲೆಯ ಗಂಟೆ ಬಾರಿಸುತ್ತದೆ. ಮನೆಯಲ್ಲಿ ದೀಪ ಹತ್ತುವುದು ಏಳಕ್ಕೋ ಎಂಟಕ್ಕೋ. ನಡುವಿನ ಆ ಮೂರು ತಾಸು ಮಕ್ಕಳು ಎಲ್ಲಿರುತ್ತಾರೆ?

"ಇಲ್ಲೇ ಎಲ್ಲೋ ಆಡುತ್ತಿರುತ್ತವೆ, ಊರಲ್ಲವೇ, ಯಾರಾದರೂ ನೋಡುತ್ತಾರೆ" ಎಂಬುದು ನಮ್ಮ ಉತ್ತರ. ಈ ಉತ್ತರದಲ್ಲಿ ಒಂದು ದೊಡ್ಡ ಒಳ್ಳೆಯತನವಿದೆ. ಪರರ ಮಗುವಿಗೂ ಕರೆದು ಬೆಲ್ಲ-ನೀರು ಕೊಡುವ, ಜಗಲಿಯಲ್ಲಿ ಕೂರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ "ಯಾರಾದರೂ" ಎಂಬ ಆ ಪದದ ಬಗ್ಗೆ ಸ್ವಲ್ಪ ಯೋಚಿಸಬೇಕಾಗಿದೆ.

ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯ ನಮಗೆಲ್ಲ ಗೊತ್ತು. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಮರಳುವಾಗ ಹನ್ನೆರಡು ವರ್ಷದ ಬಾಲಯೇಸು ಹಿಂದೆ ಉಳಿದ. ಮಾತೆ ಮರಿಯಳಿಗೂ ಸಂತ ಜೋಸೆಫರಿಗೂ ಇದು ತಿಳಿದದ್ದು ಒಂದು ದಿನದ ಪ್ರಯಾಣದ ನಂತರ. ಬಂಧುಗಳ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ಅವರು ಭಾವಿಸಿದ್ದರು. ಮೂರು ದಿನಗಳ ನಂತರ ಮಗ ಮಹಾದೇವಾಲಯದಲ್ಲಿ ಸಿಕ್ಕಿದ. ಜಪಸರದಲ್ಲಿ ಇದನ್ನು ಸಂತೋಷದ ರಹಸ್ಯಗಳ ಸಾಲಿನಲ್ಲಿ ಧ್ಯಾನಿಸುತ್ತೇವೆ. ಆ ಮೂರು ದಿನ ತಾಯಿಯ ಕರುಳು ಏನಾಗಿತ್ತೆಂಬುದನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ಈ ಲೋಕದಲ್ಲಿ ಆ ಇಬ್ಬರಿಗಿಂತ ಹೆಚ್ಚು ಪ್ರೀತಿಸಿದ ತಂದೆ-ತಾಯಿ ಯಾರು? ಜೊತೆಗಿದ್ದವರೆಲ್ಲ ನೆಂಟರು, ಪರಿಚಿತರು. ಪ್ರೀತಿಗೆ ಕೊರತೆ ಇರಲಿಲ್ಲ, ಪರಿಚಯಕ್ಕೂ ಇರಲಿಲ್ಲ. ಹೊರಡುವಾಗ ಮಕ್ಕಳ ತಲೆ ಎಣಿಸುವುದು ಇಂಥವರದೇ ಹೊಣೆ ಎಂದು ಯಾರಿಗೂ ಗೊತ್ತುಮಾಡಿರಲಿಲ್ಲ, ಅಷ್ಟೇ.

ಹೀಗಾಗಿ, ಮಕ್ಕಳ ಪಾಲನೆಗೆ ನಿಯಮ ಬೇಕು, ರಿಜಿಸ್ಟರ್ ಬೇಕು, ಪರವಾನಗಿ ಬೇಕು ಎಂದಾಗ "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಮುಖ ಸಿಂಡರಿಸುವವರ ನೋವು ಅರ್ಥವಾಗುತ್ತದೆ, ವಾದ ಮಾತ್ರ ಒಪ್ಪಿಗೆಯಾಗುವುದಿಲ್ಲ.

ನಮ್ಮ ಸೀಮೆಯ ಅಪಾಯಗಳಾದರೂ ಏನು? ಪೇಟೆಯವರು ಕಾಡು ಎಂದೊಡನೆ ಹುಲಿ, ಹಾವು ಎನ್ನುತ್ತಾರೆ. ಇಲ್ಲಿಯವರಿಗೆ ಅದಕ್ಕಿಂತ ಹತ್ತಿರದ ಸಂಗತಿಗಳು ಗೊತ್ತು. ತೋಟದ ಮೂಲೆಯ ಕಟ್ಟೆಯಿಲ್ಲದ ಬಾವಿ, ಪ್ಲಾಸ್ಟಿಕ್ ಹಾಸಿದ ಜಾರುವ ಕೃಷಿಹೊಂಡ, ಅಡಿಕೆ ಬೇಯುವ ಹಂಡೆ, ಸುಲಿಯುವ ಕತ್ತಿ. ಇವುಗಳ ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಸಿದ್ದಾಪುರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ. ಇದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಕೊನೆಕೊಯ್ಲಿನ ಕಾಲವೂ ಉಣುಗಿನ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಹೆತ್ತವರಿಗೆ ಪುರುಸೊತ್ತೇ ಇಲ್ಲದ ತಿಂಗಳುಗಳಲ್ಲಿಯೇ ಮಕ್ಕಳು ಬೆಟ್ಟಕ್ಕೆ ಹೋಗಿ ತರಗೆಲೆಯ ಮೇಲೆ ಹೊರಳಾಡುವುದು ಅತ್ಯಂತ ಅಪಾಯಕರ. 2024ರ ಆರಂಭದ ತಿಂಗಳುಗಳಲ್ಲಿಯೂ ಸಿದ್ದಾಪುರ ತಾಲೂಕಿನಲ್ಲಿ ಈ ಕಾಯಿಲೆ ಜೀವ ತೆಗೆಯಿತು. ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತದೆ. ಹಂಚಿದ ಎಣ್ಣೆಯನ್ನು ಮಗುವಿನ ಕಾಲಿಗೆ ಹಚ್ಚುವವರು ಯಾರು, ಸಂಜೆ ಮೈಯಲ್ಲಿ ಉಣುಗು ಇದೆಯೇ ಎಂದು ನೋಡುವವರು ಯಾರು? ಮತ್ತೆ ಅದೇ "ಯಾರಾದರೂ".

ಮಳೆಗಾಲದ್ದು ಬೇರೆ ಕಥೆ. ಭಾರೀ ಮಳೆಯೆಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ. ಅದು ಸರಿಯಾದದ್ದೇ. ಆದರೆ ರಜೆ ಶಾಲೆಗೆ ಮಾತ್ರ, ಗದ್ದೆಯ ಕೆಲಸಕ್ಕಲ್ಲ. ರಜೆಯ ದಿನ ಮಕ್ಕಳು ಹಳ್ಳದ ದಂಡೆಯಲ್ಲಿರುತ್ತಾರೆ. 2022ರ ಆಗಸ್ಟ್‌ನಲ್ಲಿ ನೆರೆಯ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಶಾಲೆ ಮುಗಿದಿತ್ತು, ಮನೆ ಇನ್ನೂ ಬಂದಿರಲಿಲ್ಲ. ಆ ನಡುವಿನ ದಾರಿ ಯಾರ ಹೊಣೆ?

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಸಣ್ಣ ಆಜ್ಞೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಅವನ ಮನೆಯದು. ವಿಮೋಚನಾಕಾಂಡದ 21ನೇ ಅಧ್ಯಾಯ ಗುಂಡಿ ತೋಡಿ ಮುಚ್ಚದೆ ಬಿಟ್ಟವನನ್ನು ಕುರಿತದ್ದು. ಅದರಲ್ಲಿ ಎತ್ತೋ ಕತ್ತೆಯೋ ಬಿದ್ದರೆ ಅವನೇ ಬೆಲೆ ತೆರಬೇಕು. ಕೆಟ್ಟ ಉದ್ದೇಶವಿತ್ತೇ ಎಂದು ಪವಿತ್ರ ಗ್ರಂಥ ಇಲ್ಲಿ ಕೇಳುವುದೇ ಇಲ್ಲ. ಗೋಡೆ ಇತ್ತೇ, ಮುಚ್ಚಳ ಇತ್ತೇ ಎಂದಷ್ಟೇ ಕೇಳುತ್ತದೆ. ಪಾಪನಿವೇದನೆಗೆ ಹೋಗುವ ನಾವು ಮನಸ್ಸಿನಲ್ಲಿ ಎದ್ದ ಕೋಪವನ್ನು ನೆನಪಿಟ್ಟು ಹೇಳುತ್ತೇವೆ. ಹಿತ್ತಿಲಲ್ಲಿ ಬಾಯಿ ತೆರೆದ ಹೊಂಡವನ್ನು ಎಷ್ಟು ಜನ ಹೇಳಿದ್ದೇವೋ!

ನಿಯಮ ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ನಮ್ಮ ರಾಜ್ಯವೇ ಸಾಕ್ಷಿ. ಕೊಳವೆಬಾವಿ ತೋಡುವವರು ನೋಂದಾಯಿಸಿಕೊಂಡಿರಬೇಕು, ತೋಡುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಬತ್ತಿದ್ದನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ಹೇಳಿತು. ಏಳು ವರ್ಷಗಳ ನಂತರ, 2017ರ ಏಪ್ರಿಲ್‌ನಲ್ಲಿ, ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ಮುಚ್ಚದ ಕೊಳವೆಬಾವಿಗೆ ಬಿದ್ದು ಸತ್ತಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಬಿದ್ದು, ದೇವರ ದಯೆಯಿಂದಲೂ ರಕ್ಷಣಾ ಸಿಬ್ಬಂದಿಯ ದುಡಿಮೆಯಿಂದಲೂ ಜೀವಸಹಿತ ಮೇಲೆ ಬಂತು. ಬಂದು ನೋಡುವವರಿಲ್ಲದ ಪರವಾನಗಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ.

ಕಾನೂನು ಮಕ್ಕಳನ್ನು ಪೂರ್ತಿ ಮರೆತಿತ್ತೆಂದಲ್ಲ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. 1951ರ ತೋಟ ಕಾರ್ಮಿಕರ ಕಾಯ್ದೆಯೂ ಅಂಥದನ್ನೇ ಹೇಳಿತು, ಆದರೆ ಅದರಲ್ಲಿ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆ ಇರಲಿಲ್ಲ. ನಮ್ಮ ತೋಟಗಳು ಚಿಕ್ಕವು, ಒಡೆಯರೂ ಅನೇಕರು ಸಣ್ಣ ಹಿಡುವಳಿದಾರರೇ. ಈ ಹಳೆಯ ಕಾಯ್ದೆಗಳೆಲ್ಲ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋದವು. ಹಳತಿರಲಿ ಹೊಸತಿರಲಿ, ಅವುಗಳ ಕಣ್ಣು ಇರುವುದು ಆರು ವರ್ಷದೊಳಗಿನ ಮಗುವಿನ ಮೇಲೆ. ಅಂಗನವಾಡಿಯೂ ಆರು ವರ್ಷಕ್ಕೆ ಮುಗಿಯುತ್ತದೆ. ಆರರಿಂದ ಹದಿನಾಲ್ಕರವರೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಕೈಹಿಡಿಯುತ್ತದೆ, ಅದೂ ಕೊನೆಯ ಗಂಟೆಯವರೆಗೆ. ಏಳು ವರ್ಷದ ಮಗುವಿಗೆ ಸಂಜೆ ಐದು ಗಂಟೆಗೆ ಯಾವ ಕಾಯ್ದೆಯ ನೆರಳೂ ಇಲ್ಲ.

ಹಾಗಾದರೆ ಎಲ್ಲಕ್ಕೂ ಲೈಸೆನ್ಸ್ ಕಡ್ಡಾಯ ಮಾಡಿಬಿಡೋಣವೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ, ನಮ್ಮ ವಿಶ್ವಾಸದವರೂ ಅನೇಕರಿರುವ ಮನೆಗಳಲ್ಲಿ, ಕೆಲಸಕ್ಕೆ ಹೋಗಲಾಗದ ಅಜ್ಜಿಯೊಬ್ಬಳು ನಾಲ್ಕಾರು ಮಕ್ಕಳನ್ನು ಅಂಗಳದಲ್ಲಿ ಆಡಿಸಿಕೊಂಡಿರುವುದು ಸಾಮಾನ್ಯ. ಅವಳ ಮುಂದೆ ಅರ್ಜಿ ನಮೂನೆ, ಬೆಂಕಿ ಸುರಕ್ಷತೆಯ ಪತ್ರ, ಶೌಚಾಲಯದ ಅಳತೆ ಇಟ್ಟರೆ ಏನಾದೀತು? ಅವಳು ಕೈಮುಗಿದು ಒಳಗೆ ಹೋಗುತ್ತಾಳೆ, ಮಕ್ಕಳು ಹಳ್ಳಕ್ಕೆ ಹೋಗುತ್ತಾರೆ. ಸುರಕ್ಷತೆಯ ಹೆಸರಿನಲ್ಲಿ ಇದ್ದ ಒಂದೇ ಕಾವಲನ್ನು ಕಿತ್ತಂತಾಗುತ್ತದೆ.

ನನಗೆ ತೋರುವ ಗೆರೆ ಇದು. ಮಗುವನ್ನು ನೋಡಿಕೊಳ್ಳುವವರನ್ನು ತಾಯಿಯೇ ಖುದ್ದಾಗಿ ಬಲ್ಲಳು, ಯಾವ ಕ್ಷಣದಲ್ಲಿ ಬೇಕಾದರೂ ಹೋಗಿ ನೋಡಬಲ್ಲಳು ಎಂದಿರುವವರೆಗೆ ಸರಕಾರದ ಕಾಗದ ಬೇಡ. ಅಲ್ಲಿಂದಾಚೆಗೆ ಬೇಕು. ಟ್ಯೂಷನ್ ಮನೆಯಿರಲಿ, ಬೇಸಿಗೆ ಶಿಬಿರವಿರಲಿ, ಜಲಪಾತ ತೋರಿಸಲು ಮಕ್ಕಳನ್ನು ಮಾಗೋಡಿಗೋ ಉಂಚಳ್ಳಿಗೋ ಕರೆದೊಯ್ಯುವ ಸಂಸ್ಥೆಯಿರಲಿ, ತಾಯಿ ಕಾಣದ ಕೈಗೆ ಮಗುವನ್ನು ಒಪ್ಪಿಸುವಲ್ಲಿ ಬೇರೆ ಯಾರಾದರೂ ಅವಳ ಪರವಾಗಿ ಹೋಗಿ ನೋಡಿ ಬಂದಿರಬೇಕು. ಪರವಾನಗಿಯ ಅರ್ಥ ಇಷ್ಟೇ. ಶುಲ್ಕ ತೆಗೆದುಕೊಂಡರೋ ಧರ್ಮಕ್ಕೆ ಮಾಡಿದರೋ ಎಂಬುದರಿಂದ ಮಗುವಿಗೆ ಆಗುವ ಗಾಯದಲ್ಲಿ ವ್ಯತ್ಯಾಸವಿಲ್ಲ. ಧರ್ಮಕೇಂದ್ರದ ಅಂಗಳ, ಕಾನ್ವೆಂಟಿನ ಮೈದಾನಗಳೂ ಇದಕ್ಕೆ ಹೊರತಲ್ಲ. "ಅವರು ನಮ್ಮವರೇ" ಎಂಬ ಮಾತು ಮಕ್ಕಳಿಗೆ ರಕ್ಷೆಯಾಗಲಿಲ್ಲ ಎಂಬುದನ್ನು ವಿಶ್ವ ಧರ್ಮಸಭೆ ಬಹಳ ಕಹಿಯಾಗಿ ಕಲಿತಿದೆ. ಜಗದ್ಗುರು ಫ್ರಾನ್ಸಿಸರು 2014ರಲ್ಲಿ ಮಕ್ಕಳ ರಕ್ಷಣೆಗೆಂದೇ ಆಯೋಗ ರಚಿಸಿದರು, 2019ರಲ್ಲಿ ದೂರುಗಳನ್ನು ತಿಳಿಸಲೇಬೇಕೆಂದು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ನಿಯಮ ಮಾಡಿದರು. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆ ಮೊದಲೇ ಈ ಕರ್ತವ್ಯವನ್ನು ಎಲ್ಲರ ಮೇಲೂ ಹೊರಿಸಿತ್ತು.

ಇನ್ನೊಂದು ಭಯ ಪರವಾನಗಿ ಎಂದರೆ ನಾಲ್ಕು ಗೋಡೆ ಎಂಬುದು. ಮಕ್ಕಳಿಗೆ ಬಯಲು ಬೇಕು. ಮರ ಹತ್ತದೆ, ಕೆಸರು ತುಳಿಯದೆ ಬೆಳೆದ ಮಗುವಿಗೆ ಮಲೆನಾಡಿನಲ್ಲಿ ಹುಟ್ಟಿ ಏನು ಬಂತು? ಜರ್ಮನಿಯ ಫ್ಲೆನ್ಸ್‌ಬುರ್ಗ್ ಊರಿನಲ್ಲಿ 1993ರಲ್ಲೇ ಕಾಡಿನ ಶಿಶುವಿಹಾರಕ್ಕೆ ಸರಕಾರಿ ಮನ್ನಣೆ ಸಿಕ್ಕಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನುಭವ ಇನ್ನೂ ಕುತೂಹಲದ್ದು. ಅಲ್ಲಿ ಮಕ್ಕಳ ಪಾಲನೆಯ ಪರವಾನಗಿ ಕಟ್ಟಡಕ್ಕೆ ಅಂಟಿಕೊಂಡಿತ್ತು. ಕಾಡಿನಲ್ಲಿ ಮಕ್ಕಳನ್ನು ಆಡಿಸುವವರಿಗೆ ಅದು ಸಿಗುತ್ತಿರಲಿಲ್ಲ, ಪರವಾನಗಿ ಇಲ್ಲದ್ದರಿಂದ ಬಡವರ ಮಕ್ಕಳಿಗೆ ಸಿಗಬೇಕಾದ ಸರಕಾರಿ ನೆರವೂ ಅಲ್ಲಿಗೆ ಬರುತ್ತಿರಲಿಲ್ಲ. 2017ರಲ್ಲಿ ಪ್ರಯೋಗ ಮಾಡಿ ನೋಡಿ, 2021ರಲ್ಲಿ ಬಯಲಿನ ಪಾಲನೆಗೆಂದೇ ಪ್ರತ್ಯೇಕ ಪರವಾನಗಿ ತಂದರು. ಪರವಾನಗಿ ಬೇಕೆಂದವರಲ್ಲಿ ಕಾಡಿನ ಶಾಲೆ ನಡೆಸುವವರೇ ಇದ್ದರೆಂಬುದು ಗಮನಿಸತಕ್ಕದ್ದು. ಗೋಡೆಯ ಅಳತೆಗಿಂತ ಒಬ್ಬರ ಕಣ್ಣಳತೆಯಲ್ಲಿ ಎಷ್ಟು ಮಕ್ಕಳು, ಆ ಜಾಗದ ಅಪಾಯಗಳನ್ನು ಮೊದಲೇ ನೋಡಿಟ್ಟಿದ್ದಾರೆಯೇ ಎಂಬುದು ಇಂಥಲ್ಲಿ ಮುಖ್ಯ.

ಇದು ನಮಗೆ ಹೊಸದಾಗಿ ಕಾಣಬೇಕಿಲ್ಲ. ಸಂತ ಜಾನ್ ಬಾಸ್ಕೊ 1841ರಲ್ಲಿ ತೂರಿನ್ ನಗರದಲ್ಲಿ ಕೂಲಿ ಹುಡುಗರನ್ನು ಸೇರಿಸತೊಡಗಿದಾಗ ಅವರಿಗೆ ಕಟ್ಟಡವಿರಲಿಲ್ಲ. ಹುಲ್ಲುಗಾವಲೊಂದನ್ನು ಬಾಡಿಗೆಗೆ ಹಿಡಿದರೆ, ಹುಡುಗರ ತುಳಿತಕ್ಕೆ ಹುಲ್ಲಿನ ಬೇರೂ ಉಳಿಯದೆಂದು ಒಡೆಯರು ಎಬ್ಬಿಸಿದರು. ನಗರಾಧಿಕಾರಿ ಮಾರ್ಕ್ವಿಸ್ ಕಾವೂರ್ ಇದೇನು ದೊಂಬಿಯ ಗುಂಪೋ ಎಂದು ಶಂಕಿಸಿ ಪಹರೆಯವರನ್ನು ಕಳುಹಿಸಿದರು. 1846ರಲ್ಲಿ ಪಿನಾರ್ಡಿ ಎಂಬವರ ಕೊಟ್ಟಿಗೆ ಸಿಕ್ಕ ಮೇಲೆ ಒಂದು ನೆಲೆಯಾಯಿತು. 1877ರಲ್ಲಿ ಅವರು ಬರೆದಿಟ್ಟ "ಮುನ್ನೆಚ್ಚರಿಕೆಯ ಪದ್ಧತಿ"ಯ ತಿರುಳು ಸರಳ: ತಪ್ಪಾದ ಮೇಲೆ ದಂಡಿಸುವ ಬದಲು, ತಪ್ಪಾಗದಂತೆ ಹಿರಿಯರು ಆಟದ ಬಯಲಿನಲ್ಲಿ ಮಕ್ಕಳ ನಡುವೆಯೇ ಇರಬೇಕು.

ಇರಬೇಕಾದವರಿಗೆ ಸಂಬಳ ಯಾರು ಕೊಡಬೇಕು? ಚರ್ಚೆಗಳು ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಂತುಬಿಡುತ್ತವೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲೆಂದೇ ನೇಮಿಸಬೇಕು, ಮಣ್ಣು ಹೊತ್ತವರಿಗೆ ಸಿಗುವ ಕೂಲಿಯೇ ಅವಳಿಗೂ ಸಿಗಬೇಕು. ಮಗು ನೋಡಿಕೊಳ್ಳುವುದೂ ಒಂದು ದುಡಿಮೆಯೆಂದು ಕಾಗದದ ಮೇಲೆ ಒಪ್ಪಿದ ಮಾತು ಅದು. ಕರ್ನಾಟಕ 2023ರಲ್ಲಿ ಕೂಲಿಕಾರ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ ಘೋಷಿಸಿತು. ಶಾಲೆಗೆ ಹೋಗುವ ಮಗು ಕೂಸಲ್ಲ, ಅದರ ಮನೆ ಬೇರೆ ಕಡೆ ಹುಡುಕಬೇಕು. 2020ರ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಪಂಚಾಯತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವವಿದೆ. ಒಂದು ಸೂರು, ಒಂದು ದೀಪ, ಒಂದಿಷ್ಟು ಪುಸ್ತಕ ಅಲ್ಲಿವೆ. ಸುಗ್ಗಿಯ ನಾಲ್ಕು ತಿಂಗಳಾದರೂ ಅಲ್ಲಿ ಸಂಜೆ ಏಳರವರೆಗೆ ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಇರಿಸಲು ಪಂಚಾಯತಿ, ತೋಟದ ಒಡೆಯರು, ಸ್ಥಳೀಯ ಸಹಕಾರಿ ಸಂಘ ಸೇರಿದರೆ ಭಾರವಾಗಲಾರದು. ಸಂಜೆಯವರೆಗೆ ಸುಲಿಸಿಕೊಳ್ಳುವ ಒಡೆಯರಿಗೂ ಇದರಲ್ಲಿ ಪಾಲಿದೆ. ಅವರ ಅಡಿಕೆ ರಾಶಿಯಲ್ಲಿ ಆ ಮಕ್ಕಳು ಒಂಟಿಯಾಗಿ ಕಳೆದ ತಾಸುಗಳೂ ಸೇರಿವೆ.

ಎಲ್ಲಿ ಬೇಲಿ ಬೇಕು, ಎಲ್ಲಿ ಮುಚ್ಚಳ ಬೇಕು ಎಂದು ತಿಳಿಯಲು ಬೆಂಗಳೂರಿನಿಂದ ತಜ್ಞರು ಬರಬೇಕಾಗಿಲ್ಲ. ಪಂಚಾಯತಿಗಳಲ್ಲಿ ನವೆಂಬರ್ ಸುಮಾರಿಗೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕೊನೆಕೊಯ್ಲು ಆಗತಾನೇ ಆರಂಭವಾಗಿರುತ್ತದೆ. ಯಾವ ಹೊಂಡಕ್ಕೆ ಕಟ್ಟೆಯಿಲ್ಲ, ಯಾವ ಸಂಕದ ಹಲಗೆ ಅಲುಗುತ್ತದೆ, ಯಾರ ಮನೆಯ ಹತ್ತಿರ ಹೋಗಲು ಭಯವಾಗುತ್ತದೆ ಎಂದು ಅಲ್ಲಿ ಮಕ್ಕಳನ್ನೇ ಕೇಳಬಹುದು. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಅದೇ ಪುಟ ತೆರೆದು ಓದಿಸುವಂತೆ ಕೇಳುವ ಹಕ್ಕು ಅಲ್ಲಿ ಕುಳಿತ ಪ್ರತಿಯೊಬ್ಬ ತಂದೆ-ತಾಯಿಗೂ ಇದೆ.