ಊರು ಬಿಟ್ಟುಹೋದವರೂ ಊರವರೇ

ರೂತಳ ಪುಸ್ತಕದ ಮೊದಲನೆಯ ಅಧ್ಯಾಯವನ್ನು ತೆರೆದು ನೋಡಿರಿ. ಬೇತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ. ಆ ರೊಟ್ಟಿಯ ಮನೆಯಲ್ಲಿಯೇ ಬರ ಬಂದದರಿಂದ ಎಲೀಮೆಲೆಕನು ಹೆಂಡತಿಮಕ್ಕಳೊಡನೆ ಮೋವಾಬ್ ದೇಶಕ್ಕೆ ಹೊರಟುಹೋದನು. ಇದು ನಮಗೆ ಹೊಸ ಸಂಗತಿಯಲ್ಲ. ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರವು 1933ರ ತರುವಾಯ ಪುನಃ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ 89 ವರುಷಗಳಲ್ಲಿ ಗಾರೆ ಕೆಲಸಕ್ಕೆ ಬೆಂಗಳೂರಿಗೂ ಕಾಫಿ ಕೊಯ್ಲಿಗೆ ಮಲೆನಾಡಿಗೂ ನಮ್ಮ ಸೀಮೆಯಿಂದ ಹೋದವರು ಎಷ್ಟು ಮಂದಿ!

ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇವೆ. 2020ರ ಮಾರ್ಚ್ 25ರಿಂದ ಕೊರೋನ ರೋಗದ ನಿಮಿತ್ತ ದೇಶವೆಲ್ಲಾ ಸ್ತಬ್ಧವಾದಾಗ, ನಮ್ಮ ಹಳ್ಳಿಯವರು ಊರಬಾಗಿಲಿಗೆ ಜಾಲಿಮುಳ್ಳು ಎಳೆದರು. ನಾವೂ ಕೈಹಾಕಿದೆವು. ಕೆಲವು ದಿವಸಗಳಾದ ಮೇಲೆ ನಮ್ಮ ಸಭೆಯವನೇ ಒಬ್ಬನು ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು, ಬೆಂಗಳೂರಿನಿಂದ ಅಷ್ಟು ದೂರ ನಡೆದು ಅಷ್ಟು ದೂರ ಲಾರಿ ಹತ್ತಿ ಬಂದು, ಮುಳ್ಳಿನ ಆಚೆ ಹೊಂಗೆಯ ಮರದ ಕೆಳಗೆ ಕೂತನು. ರೋಗದ ಭಯವು ಸುಳ್ಳಲ್ಲ. ಅವರನ್ನು ಬೇರೆ ಇರಿಸುವದು ಯುಕ್ತವೇ. ಆದರೆ ಬೇರೆ ಇರಿಸುವದಕ್ಕೂ ಹೊರಗೆ ಬಿಡುವದಕ್ಕೂ ಭೇದವುಂಟು. ಪ್ರಾರ್ಥನಾಲಯದ ಬೀಗದ ಕೈ ನಮ್ಮ ಸೊಂಟದಲ್ಲಿಯೇ ಇತ್ತು. ಒಂದು ರಾತ್ರಿ ಕಳೆದ ಮೇಲೆ ತೆರೆದುಕೊಟ್ಟೆವು. ಹಿಂದಿನ ವರುಷ ಆ ಮಾಳಿಗೆಗೆ ಹೆಂಚು ಹೊದಿಸಿದ್ದು ಅವನು ಕಳುಹಿಸಿದ್ದ ಕೂಲಿಯ ಹಣದಿಂದಲೇ.

ನೊವೊಮಿಯು ಬರಿಗೈಯಲ್ಲಿ ಹಿಂದಿರುಗಿದಾಗ ಬೇತ್ಲೆಹೇಮಿನವರು ಮುಳ್ಳು ಎಳೆಯಲಿಲ್ಲ. ಹೊಲದ ಅಂಚಿನ ಪೈರನ್ನು ಬಡವನಿಗೂ ಪರದೇಶಿಗೂ ಬಿಡಬೇಕೆಂಬ ಧರ್ಮವಿಧಿಯಿಂದ ರೂತಳ ಉಡಿ ತುಂಬಿತು. ಆದರೂ ಬೋವಜನ ವಿಷಯದಲ್ಲಿ ನಮಗೊಂದು ಆಕ್ಷೇಪವಿದೆ. ಬಂಧುವಾದ ಅವನಿಗೆ ಆ ವಿಧವೆಯರ ಸುದ್ದಿ ಮೊದಲೇ ತಿಳಿದಿತ್ತು. ರೂತಳು ತಾನಾಗಿ ಅವನ ಹೊಲಕ್ಕೆ ಬರುವ ತನಕ ಅವನು ಅವರ ಬಾಗಿಲಿಗೆ ಹೋದನೆಂದು ಬರೆದಿಲ್ಲ.

ಸಮುದ್ರದಾಚೆ ಹೈಟಿ ಎಂಬ ಬಡ ದೇಶವುಂಟು. ಗುಲಾಮರಾಗಿದ್ದವರು ಕಾದಾಡಿ 1804ರಲ್ಲಿ ಅದನ್ನು ಸ್ವತಂತ್ರವಾಗಿ ಮಾಡಿಕೊಂಡರು. 2010ರ ಜನವರಿ 12ರ ಭೂಕಂಪವು ಅದನ್ನು ನೆಲಕ್ಕೆ ಕೆಡವಿತು. ನಮ್ಮ ರೈತರಲ್ಲಿ ಮುಯ್ಯಾಳು ಇರುವ ಹಾಗೆ ಅಲ್ಲಿಯೂ ಒಬ್ಬರ ಹೊಲಕ್ಕೆ ಎಲ್ಲರೂ ಕೂಡಿ ದುಡಿಯುವ ಪದ್ಧತಿಯಿದೆ, ಕೊಂಬಿಟ್ ಎನ್ನುತ್ತಾರೆ. ನ್ಯೂಯಾರ್ಕ್, ಮಯಾಮಿ ಪಟ್ಟಣಗಳಿಗೆ ವಲಸೆ ಹೋದವರು ಊರೂರಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡು, ಹೊಸದಾಗಿ ಬಂದವರಿಗೆ ಆಸರೆಯಾಗುತ್ತಾ ಹುಟ್ಟೂರಿನ ಶಾಲೆಗೂ ಔಷಧಾಲಯಕ್ಕೂ ಹಣ ಕಳುಹಿಸುತ್ತಾರೆ. ಹೊಲ ಬಿಟ್ಟರೂ ಮುಯ್ಯಿ ಬಿಡಲಿಲ್ಲವೆನ್ನಬಹುದು.

ಇಂಥ ಕೆಲಸ ಕನ್ನಡ ನಾಡಿನಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಸಂಪರ್ಕ ಎಂಬ ಸಂಸ್ಥೆಯು ಕೊಪ್ಪಳದ ಹಳ್ಳಿಗಳಲ್ಲಿ ಹೆಂಗಸರ ಸಂಘಗಳನ್ನು ನಿಲ್ಲಿಸಿದ್ದಲ್ಲದೆ, ಬೆಂಗಳೂರಿನಲ್ಲಿ ಕಟ್ಟಡದ ಕೂಲಿಗೆ ಬಂದವರ ಕೂಸುಗಳಿಗಾಗಿ ಶಿಶುಪಾಲನಾ ಕೇಂದ್ರಗಳನ್ನು ನಡೆಸಿದೆ. ಕೊಪ್ಪಳದ ಜನ ಬೆಂಗಳೂರಿಗೆ ಹೋಗುವ ಹೆದ್ದಾರಿ ಚಿತ್ರದುರ್ಗ, ಹಿರಿಯೂರುಗಳ ಮೇಲೆಯೇ ಹಾದುಹೋಗುತ್ತದೆ. ದಾರಿ ನಮ್ಮ ಮುಂದೆಯೇ ಇದ್ದಾಗ್ಯೂ ನಾವು ಹೊಸದುರ್ಗ, ಹೊಳಲ್ಕೆರೆಯ ಸಭೆಗಳವರು ಹೋದವರ ಕೂಲಿಯಿಂದ ಹೆಂಚು ಹೊದಿಸಿಕೊಂಡೆವು; ಅವರು ಅಲ್ಲಿ ಯಾವ ತಗಡಿನ ಗುಡಿಸಲಲ್ಲಿ ಮಲಗುತ್ತಾರೆಂದು ಕೇಳಲಿಲ್ಲ. ವರುಷಕ್ಕೆ 90 ದಿನ ಕಟ್ಟಡದ ಕೆಲಸ ಮಾಡಿದವನಿಗೆ ಕಲ್ಯಾಣ ಮಂಡಳಿಯ ಗುರುತಿನ ಚೀಟಿ ಸಿಗತಕ್ಕದ್ದೆಂಬದನ್ನೂ ಅವರಿಗೆ ತಿಳಿಸಲಿಲ್ಲ. ಓದುಬರಹ ಬಲ್ಲ ನಾವೇ ಅದನ್ನು ಮಾಡಬೇಕಾಗಿತ್ತು.

ಈಗ ನಾವು ಒಂದು ಪುಸ್ತಕವನ್ನು ಕೊಂಡಿದ್ದೇವೆ. ಮೇಸ್ತ್ರಿಯು ಆಳು ಕರೆಯಲು ಬಂದಾಗ, ಹೊರಡುವವರ ಹೆಸರನ್ನೂ ಹೋಗುವ ಸ್ಥಳವನ್ನೂ ಮನೆಯಲ್ಲಿ ಉಳಿಯುವ ಮುದುಕರು ಮಕ್ಕಳ ವಿವರವನ್ನೂ ಅದರಲ್ಲಿ ಬರೆಯುತ್ತೇವೆ. ಮೊದಲನೆಯ ಹೆಸರು ಹೊಂಗೆಯ ಮರದ ಕೆಳಗೆ ಕೂತವನದೇ. ಅವನು ಪುನಃ ಬೆಂಗಳೂರಿಗೆ ಹೋಗಿದ್ದಾನೆ. ತಾಯಿಗೆ ಕಣ್ಣು ಮಂಜಾಗಿದೆ. ಶನಿವಾರ ಆಕೆಯನ್ನು ಹೊಳಲ್ಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಬೇಕಾಗಿದ್ದಾರೆ.