ಸ್ವರಭಂಗವೂ ಶಬ್ದನಿತ್ಯತ್ವವೂ

ಶಬ್ದವು ನಿತ್ಯವೆಂದು ಮೀಮಾಂಸಕರೂ, ಅದು ಹುಟ್ಟಿ ಅಳಿಯತಕ್ಕದ್ದೆಂದು ನೈಯಾಯಿಕರೂ ನಡೆಸಿದ ದೀರ್ಘವಾದವು ಇಂದಿನವರಿಗೆ ಬರಿಯ ಬುದ್ಧಿವ್ಯಾಯಾಮವೆಂದು ತೋರುವುದು ಸಹಜ. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಆದರೆ ಕಂಠದ ಅರ್ಬುದಕ್ಕಾಗಿ ವಿಕಿರಣ ಚಿಕಿತ್ಸೆಯನ್ನು, ಎಂದರೆ ನಮ್ಮ ಜನ 'ಕರೆಂಟು ಕೊಡಿಸುವುದು' ಎಂದು ಕರೆಯುವ ಚಿಕಿತ್ಸೆಯನ್ನು, ಪಡೆದು ಬಂದ ಒಬ್ಬ ವೃದ್ಧ ವೈದಿಕರು ಹುಡುಗರಿಗೆ ಸಂಥೆ ಹೇಳುತ್ತಿದ್ದುದನ್ನು ಕೇಳಿದಾಗ ಆ ವಾದವು ಶಾಸ್ತ್ರಗ್ರಂಥವನ್ನು ಬಿಟ್ಟು ಜಗಲಿಗೆ ಬಂದು ಕುಳಿತಂತಾಯಿತು.

ಧ್ವನಿತಂತುಗಳಲ್ಲಿ ಮೊಳೆತ ಗಂಟಿನ ಮೇಲೆ ವಾರಕ್ಕೆ ಐದು ದಿನದಂತೆ ಆರೇಳು ವಾರಗಳವರೆಗೆ, ಸಾಮಾನ್ಯವಾಗಿ ಒಟ್ಟು 66 ಗ್ರೇ ಆಸುಪಾಸಿನ ಕಿರಣವನ್ನು ಬೀಳಿಸುವರು. ಆರಂಭದಲ್ಲಿಯೇ ಕಂಡುಬಂದ ರೋಗವು ಬಹುಮಟ್ಟಿಗೆ ಇದರಿಂದಲೇ ಗುಣವಾಗುವುದು. ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ನೂರಕ್ಕೂ ಮಿಕ್ಕು ಬಾರಿ ಕಂಪಿಸುವ ಈ ತಂತುಗಳಿಗೆ ಒಳಗೆ ಸ್ನಾಯು, ಮೇಲೆ ತೆಳುವಾದ ಲೋಳೆಪೊರೆ, ನಡುವೆ ಮೃದುವಾದೊಂದು ಪದರ. ಚಿಕಿತ್ಸೆಯ ದಿನಗಳಲ್ಲಿ ಉರಿದು ಬಾಯುವುದು ಪೊರೆ. ಸ್ನಾಯುಕೋಶಗಳು ವಿಭಜನೆಗೊಳ್ಳುವುದು ವಿರಳವಾದುದರಿಂದ ಪೆಟ್ಟನ್ನು ಅವು ಒಡನೆಯೇ ತೋರಗೊಡವು. ಪೊರೆ ಮಾಗಿ, ದನಿ ಸುಧಾರಿಸಿ, ಮನೆಯವರು ನಿಶ್ಚಿಂತರಾಗಿ, ತಿಂಗಳುಗಳೋ ವರ್ಷಗಳೋ ಸಂದ ಮೇಲೆ, ಕೆಲವರಲ್ಲಿ ಕಿರಿಯ ರಕ್ತನಾಳಗಳು ಇಕ್ಕಟ್ಟಾಗಿ, ಸ್ನಾಯುವಿನ ಎಳೆಗಳ ನಡುವೆ ಕೊಲಾಜನ್ ಎಂಬ ನಾರು ಬೆಳೆದು, ಬಳುಕುತ್ತಿದ್ದುದೆಲ್ಲ ನೆನೆದೊಣಗಿದ ತೊಗಲಿನಂತೆ ಬಿರುಸಾಗುವುದು. ಲೋಳೆ ಸ್ರವಿಸುವ ಗ್ರಂಥಿಗಳು ಬತ್ತಿದರಂತೂ ಮಾತಿಗೊಮ್ಮೆ ನೀರು ಗುಟುಕರಿಸಬೇಕು. ತಂತುಗಳು ಪೂರ್ತಿ ಕೂಡಿಕೊಳ್ಳವು. ಅವನ್ನು ಎಳೆದು ಸ್ವರವನ್ನೇರಿಸುವ ಸ್ನಾಯು ಎಷ್ಟು ಶ್ರಮಿಸಿದರೂ ಅವು ಹಿಂದಿನಷ್ಟು ಹಿಗ್ಗವು.

ಆ ವೈದಿಕರಿಗೆ ಆದುದು ಇದೇ. ಅನುದಾತ್ತವು ಹೇಗೋ ನಡೆಯುತ್ತಿತ್ತು. ಸ್ವರಿತಕ್ಕೆ ಏರುವೆಡೆಯಲ್ಲಿ ದನಿಯು ಒಡೆದು ಬರಿಯ ಗಾಳಿಯಾಗುತ್ತಿತ್ತು. "ಅಕ್ಷರ ಎಲ್ಲೂ ಹೋಗಿಲ್ಲಪ್ಪ, ಹೋದದ್ದು ಸ್ವರ," ಎಂದರು. ಒಳ್ಳೆಯ ಮೀಮಾಂಸಕನೂ ಇದಕ್ಕಿಂತ ಖಚಿತವಾಗಿ ಹೇಳಲಾರ.

'ಗೋ' ಶಬ್ದವನ್ನು ಎಂಟು ಬಾರಿ ಉಚ್ಚರಿಸಿದನೆಂದು ಲೋಕವು ಹೇಳುವುದೇ ಹೊರತು ಎಂಟು 'ಗೋ' ಶಬ್ದಗಳನ್ನು ಹುಟ್ಟಿಸಿದನೆಂದು ಹೇಳುವುದಿಲ್ಲವೆಂಬುದು ಶಬರಸ್ವಾಮಿಯ ಯುಕ್ತಿ. ಅದೇ ಗಕಾರವಿದೆಂಬ ಪ್ರತ್ಯಭಿಜ್ಞೆಯು ಕರ್ಕಶಕಂಠದಲ್ಲಿಯೂ ಮಧುರಕಂಠದಲ್ಲಿಯೂ ಸಮಾನವಾದುದರಿಂದ ವರ್ಣವು ನಿತ್ಯ, ಧ್ವನಿಯು ಅದನ್ನು ಅಭಿವ್ಯಕ್ತಗೊಳಿಸುವ ಉಪಾಧಿ ಮಾತ್ರ. ಹಾಗಾದರೆ ಕಣ್ಣಿಗೆ ಬೀಳದೆ ಓದುತ್ತಿರುವವನನ್ನು 'ಇವನು ದೇವದತ್ತ' ಎಂದು ನಾವು ಗುರುತಿಸುವುದೆಂತು? ಶಂಕರಾಚಾರ್ಯರು ದೇವತಾಧಿಕರಣದ ಭಾಷ್ಯದಲ್ಲಿ ಈ ಆಕ್ಷೇಪವನ್ನು ಎತ್ತಿಕೊಂಡು, ಆ ಭೇದವು ವರ್ಣದ್ದಲ್ಲ, ಧ್ವನಿಯದೆಂದೂ, ಉದಾತ್ತಾದಿಗಳೂ ಧ್ವನಿನಿಮಿತ್ತವಾದುವೆಂದೂ ಸಮಾಧಾನ ಹೇಳಿರುವರು. ಸಮಾಧಾನವು ತರ್ಕಕ್ಕೆ ಸಾಕು. ಆದರೆ ಉಪಾಧಿಯೆಂದು ಬದಿಗಿಟ್ಟ ಆ ಧ್ವನಿಯಲ್ಲಿಯೇ ದೇವದತ್ತನ ಹೆಂಡತಿಗೆ ದೇವದತ್ತನಿರುವನಷ್ಟೆ. ಪತಿಯ ಕಂಠವನ್ನು ಕಳೆದುಕೊಂಡವಳಿಗೆ 'ವರ್ಣವು ನಿತ್ಯ, ಆತ್ಮವು ಅವಿಕಾರಿ' ಎಂದು ಉಪದೇಶಿಸಹೊರಡುವ ವೇದಾಂತವು ನನ್ನ ದೃಷ್ಟಿಯಲ್ಲಿ ಅಕಾಲಿಕವಾದುದು. ಸತ್ಯವಾದ ಮಾತಿಗೂ ಸಮಯವುಂಟು.

ವೈದಿಕರ ಕಷ್ಟವು ಇದಕ್ಕೂ ಮಿಗಿಲು. ಒಂದು ಸಮಾಸದ ಉದಾತ್ತವು ಸ್ಥಾನ ತಪ್ಪಿದುದರಿಂದ, ಇಂದ್ರನನ್ನು ಕೊಲ್ಲಲೆಂದು ತ್ವಷ್ಟೃವು ಹುಟ್ಟಿಸಿದ ವೃತ್ರನು ಇಂದ್ರನ ಕೈಯಲ್ಲಿಯೇ ಹತನಾದನೆಂಬ ಕಥೆಯನ್ನು ಬಾಲ್ಯದಲ್ಲಿಯೇ ಕೇಳಿದವರಿಗೆ ಸ್ವರವು ಅಲಂಕಾರವಲ್ಲ, ಅರ್ಥವೇ. ಮಾನಸಜಪವು ವಾಚಿಕಕ್ಕಿಂತ ಶ್ರೇಷ್ಠವೆಂದು ಮನುಸ್ಮೃತಿ ಹೇಳುವುದೇನೋ ನಿಜ; ಜಪಕ್ಕೆ ಅದು ಆದೀತು, ಪಾಠಕ್ಕಾಗದು. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಬಾರಿ ಹೇಳಬೇಕಾದಲ್ಲಿ ಗುರುವಿನ ಮೌನವನ್ನು ಇಮ್ಮಡಿಸುವುದೆಂತು?

ಅವರು ಕಂಡುಕೊಂಡ ದಾರಿಯು ಜೈಮಿನಿಗೂ ಸಮ್ಮತವಾದೀತೆಂದು ನನ್ನ ಭಾವನೆ. ಕಾಮ್ಯಕರ್ಮವನ್ನು ಸರ್ವಾಂಗಸಹಿತವಾಗಿ ನಡೆಸಬಲ್ಲವನೇ ನಡೆಸಬೇಕು. ನಿತ್ಯಕರ್ಮದಲ್ಲಿಯಾದರೋ ಒಂದು ಅಂಗಕ್ಕೆ ಶಕ್ತಿ ಸಾಲದಿದ್ದರೂ ಕರ್ಮವನ್ನು ಬಿಡಕೂಡದು. ವ್ರೀಹಿಯಿಲ್ಲದೆಡೆ ನೀವಾರ ಸಲ್ಲುವುದು, ಮಂತ್ರಕ್ಕಾದರೆ ಪ್ರತಿನಿಧಿಯಿಲ್ಲ. ಅಧ್ಯಾಪನವನ್ನು ನಿತ್ಯವೆಂದೆಣಿಸಿದ ಅವರು ಮಂತ್ರವನ್ನು ಬದಲಿಸಲಿಲ್ಲ, ಪಾಠವನ್ನು ನಿಲ್ಲಿಸಲೂ ಇಲ್ಲ: ತಮ್ಮ ಹಿರಿಯ ಶಿಷ್ಯನಿಂದ ಮೊದಲ ಉಚ್ಚಾರವನ್ನು ಹೇಳಿಸಿ, ಸ್ವರದ ಏರಿಳಿತವನ್ನು ಕೈಯೆತ್ತಿ ಇಳಿಸಿ ತಾವು ತೋರಿಸುತ್ತ, ಅವನು ತಪ್ಪಿದಲ್ಲಿ ಮಣೆಯನ್ನು ಬೆರಳಿನಿಂದ ಕುಟ್ಟಿ, ಮತ್ತೊಮ್ಮೆ ಹೇಳಿಸುತ್ತಿದ್ದರು.